ಆನೆಯ ಎರಡು ಚೌಕ

ಖೂಬಾ ಪ್ಲಾಟ್, ಕಲಬುರಗಿ
ಬುಧವಾರ

ನನ್ನ ಮಾಜಿ ನೆರೆಯವರೂ ಹಾಲಿ ಕಮಲಾಪುರ ನಿವಾಸಿಗಳೂ ಆದ ಭೀಮಶಾ ಅವರಿಗೆ,

ಹತ್ತು ವರ್ಷ ನೀವು ನನ್ನ ಗೇಟಿನಿಂದ ನನ್ನ ಪತ್ರಿಕೆ ಎತ್ತಿಕೊಂಡು, ನಾನು ನೋಡುವ ಮೊದಲೇ ಪದಬಂಧವನ್ನು ಪೆನ್ನಿನಿಂದ ಕೆಡಿಸಿದಿರಿ. ಕೊನೆಗೊಂದು ದಿನ ಆನೆ ಎಂಬ ಸುಳಿವಿಗೆ ‘ಗಜ’ ಬರೆಯುವ ಬದಲು ‘ರೊಟ್ಟಿ’ ಎಂದು ಬರೆದಿರಿ. ಕೇಳಿದರೆ, “ಎರಡ ಚೌಕ ಅದಾವ, ಎರಡಕ್ಷರ ಕುಂತಾವ. ಆನಿ ಉಪಾಸ ಇರ್ಬೇಕೇನ್ರೀ, ಅಣ್ಣಾರ?” ಎಂದಿರಿ.

“ನಿಮ್ಮ ಪೇಪರ್ ನೀವ ತರಿಸ್ಕೋರಿ!” ಎಂದು ನಾನು ಗದರಿದೆ. ನೀವು ತರಿಸಿಕೊಂಡಿರಿ. ಮತ್ತೆ ನನ್ನ ಕಟ್ಟೆ ಹತ್ತಲಿಲ್ಲ. ಊರು ಬಿಟ್ಟದ್ದೂ ನನಗೆ ಹಾಲಿನವನಿಂದ ತಿಳಿಯಿತು.

ಈಗ ಪತ್ರಿಕೆ ಮಡಿಕೆ ಬಿಚ್ಚದೆ ನನ್ನ ಕೈ ಸೇರುತ್ತದೆ. ಪದಬಂಧ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಇಡೀ ದಿನ ಉಳಿದಿರುತ್ತದೆ. ಸುಳಿವುಗಳ ಮಟ್ಟವೂ ಕುಸಿದಿದೆ. ಈ ವಾರ ಮೂರು ಸಲ ಆನೆಯನ್ನೇ ಕೇಳಿದ್ದಾರೆ. ಇದನ್ನು ನಾನು ಯಾರ ಮುಂದೆ ಖಂಡಿಸಲಿ?

ನಿನ್ನೆಯ ಪದಬಂಧವನ್ನು ಇದರ ಜೊತೆಗಿಟ್ಟಿದ್ದೇನೆ. ಎರಡು ಚೌಕ ಮಾತ್ರ ಖಾಲಿ ಬಿಟ್ಟಿದ್ದೇನೆ. ಉತ್ತರ ಗೊತ್ತಿಲ್ಲವೆಂದು ತಿಳಿಯಬೇಡಿ. ತುಂಬಿ ಅಂಚೆಗೆ ಹಾಕಬೇಡಿ. ಭಾನುವಾರ ನೀವೇ ತನ್ನಿ.

ಆನೆ ಹಸಿದಿದೆ.

ಸಿಟ್ಟು ಇಳಿದಿರುವ,
ಮೌನೇಶ