ಎಡಗಾಲಿಗೊಂದು ಅಪ್ಪಣೆ

ವೆಸ್ಟ್ ಮಾಂಬಲಂ, ಚೆನ್ನೈ-೩೩
೧೨-೬-೨೦೦೧, ಮಂಗಳವಾರ

ಪ್ರೀತಿಯ ಮಡದಿ ಚಿಕ್ಕತಾಯಿಗೆ ಭೋಜರಾಜನ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆ? ಬಾಣಂತಿ ವಿನೋದಾ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ, ಇಲ್ಲ ನೀನು ಮಾಡಿದ ಮೆಣಸಿನ ಸಾರನ್ನು ಪಕ್ಕಕ್ಕೆ ತಳ್ಳುತ್ತಿದ್ದಾಳೆಯೇ? ಕೂಸು ನಿದ್ದೆಗೊಡುವುದಿಲ್ಲ ಎಂದಿದ್ದೆ. ಅವಳೂ ಕೂಸಾಗಿದ್ದಾಗ ಹಾಗೇ ಕಾಡಿದವಳು, ಈಗ ಅನುಭವಿಸಲಿ ಎಂದು ನಾನು ಹೇಳಿದೆನೆಂದು ನಮ್ಮ ಮಗಳಿಗೆ ಹೇಳು. ಇಲ್ಲಿ ಎಲ್ಲರೂ ಆರೋಗ್ಯ. ಬಿಸಿಲು ಮಾತ್ರ ಇನ್ನೂ ಇಳಿದಿಲ್ಲ. ನೀನು ಮಂಡ್ಯಕ್ಕೆ ಹೋದ ಮೇಲೆ ಸೊಸೆ ವಾಸಂತಿ ಉಪ್ಸಾರಿನ ತಂಟೆಗೇ ಹೋಗಿಲ್ಲ. ರಸಂ ಬಿಟ್ಟರೆ ಸಾಂಬಾರು, ಸಾಂಬಾರು ಬಿಟ್ಟರೆ ರಸಂ. ನಾನೂ ತುಟಿ ಬಿಚ್ಚದೆ ಉಣ್ಣುತ್ತಿದ್ದೇನೆ.

ಮೊನ್ನೆ ಫೋನಿನಲ್ಲಿ ನಾನು ಎಡಗಾಲು ಎಂದ ಕೂಡಲೇ "ಬುಡ್ತು ಅನ್ನಿ! ಹೆಣ್ಣು ಕೂಸ್ಗೆ ಹೇಳ್ಕೊಡೋ ಮಾತಾ ಇದು?" ಎಂದು ರಿಸೀವರ್ ಕುಕ್ಕಿಬಿಟ್ಟೆ. ಮದುವೆಯಾದಾಗಿನಿಂದ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತ ಬಂದವಳು ನೀನು. ಕಾಗದದ ಬಾಯಿ ಮುಚ್ಚಿಸಲಾರೆ ನೋಡು, ಅದಕ್ಕೇ ಬರೆಯುತ್ತಿದ್ದೇನೆ. ಕೋಪ ಬಂದರೂ ಕೊನೆಯ ತನಕ ಓದು.

ಬರುವ ಭಾನುವಾರ ನಮ್ಮ ಮೊಮ್ಮಗಳು ವಂದನಾಳಿಗೆ ರಾಜ್ಯದ ಜೂನಿಯರ್ ಟೆನಿಸ್ ತಂಡದ ಆಯ್ಕೆ ಪಂದ್ಯ. ಈ ಸಲ ಗೆಲ್ಲದಿದ್ದರೆ ಪ್ಲಸ್ ಟೂ ಮುಗಿಯುವ ತನಕ ರ‍್ಯಾಕೆಟ್ಟು ಅಟ್ಟಕ್ಕೆ ಎಂದು ವಾಸಂತಿ ಹೇಳಿಯಾಗಿದೆ. ತಾಯಿಯಾಗಿ ಅವಳು ಹೇಳುವುದರಲ್ಲೂ ತಪ್ಪಿಲ್ಲ. ಆದರೆ ಅದು ಮುಗಿಯುವಷ್ಟರಲ್ಲಿ ಜೂನಿಯರ್ ಆಡುವ ವಯಸ್ಸೂ ಮುಗಿದಿರುತ್ತದೆ. ನಮ್ಮ ಹುಡುಗಿ ಚಿಗರೆಯ ಹಾಗೆ ಓಡುತ್ತಾಳೆ, ಎಂಥ ಚೆಂಡನ್ನೂ ಬಿಡುವುದಿಲ್ಲ. ಆಟ ಶುರುಮಾಡುವ ಮೊದಲ ಹೊಡೆತ ಇದೆಯಲ್ಲ, ಸರ್ವ್, ಅದರಲ್ಲಿ ಮಾತ್ರ ಜೀವವೇ ಇಲ್ಲ. ಚೆಂಡು ನೆಟ್ಟಿಗೆ ಬೀಳುತ್ತದೆ, ಇಲ್ಲವೇ ಕಾಲು ಗೆರೆ ದಾಟಿತೆಂದು ತಪ್ಪು ಕೂಗುತ್ತಾರೆ. ದಿನಾ ಬಲಭುಜ ಹಿಡಿದುಕೊಂಡೇ ಮನೆಗೆ ಬರುತ್ತಾಳೆ. ವಾಸಂತಿ ಬಿಸಿನೀರಿನ ಶಾಖ ಕೊಡುತ್ತಾಳೆ, ನಾನು ಸುಮ್ಮನೆ ಪಕ್ಕದಲ್ಲಿ ಕೂತಿರುತ್ತೇನೆ. ನೋಡಲಾಗುವುದಿಲ್ಲ ಕಣೇ.

ಅವಳ ಕೋಚು ದಾಮೋದರನ್ ಒಳ್ಳೆಯ ಮನುಷ್ಯ. ಕಳೆದ ವಾರ ಅವಳನ್ನು ಮಂಡಿಯೂರಿ ಕೂರಿಸಿ ಸರ್ವ್ ಮಾಡಿಸಿದರು. ಎಷ್ಟು ಬೀಸಿದರೂ ಚೆಂಡು ನೆಟ್ಟಿನಾಚೆ ತೆವಳಿತೇ ಹೊರತು ಹಾರಲಿಲ್ಲ. "ಕೈಯಲ್ಲಿರುವ ಬಲ ಇಷ್ಟೇ, ಮಿಕ್ಕಿದ್ದೆಲ್ಲ ನೆಲದಿಂದ ಬರಬೇಕು" ಎಂದರು. ನಾನು ತಿಳಿದುಕೊಂಡಷ್ಟು ಹೇಳುತ್ತೇನೆ. ಎಡಗಾಲು ಮುಂದೆ, ಬಲಗಾಲು ಹಿಂದೆ. ಎಡಗೈ ಚೆಂಡನ್ನು ಮೇಲಕ್ಕೆ ಬಿಟ್ಟಾಗ ಮಂಡಿ ಮಡಚಬೇಕು, ಆಮೇಲೆ ನೆಲವನ್ನು ಒದ್ದು ಏಳಬೇಕು. ಆ ಒದೆತ ಸೊಂಟಕ್ಕೆ ಹೋಗಿ ಸೊಂಟ ತಿರುಗುತ್ತದೆ, ಅದರ ಹಿಂದೆ ಎದೆ, ಎದೆಯ ಹಿಂದೆ ಭುಜ, ಕಟ್ಟಕಡೆಗೆ ಮೊಣಕೈ ಮತ್ತು ಮುಂಗೈ. ನನ್ನಂಥ ಹಳೆಯ ರೈಲ್ವೆ ಗಾರ್ಡಿಗೆ ಇದು ಹೊಸದಲ್ಲ. ಇಂಜಿನ್ನಿನ ಎಳೆತ ಡಬ್ಬಿಗಳ ನಡುವಿನ ಕೊಂಡಿಗಳಲ್ಲಿ, ಕಪ್ಲಿಂಗಿನಿಂದ ಕಪ್ಲಿಂಗಿಗೆ ದಾಟಿ ಕೊನೆಯ ಡಬ್ಬಿಗೆ ಬರುವ ಹಾಗೆ. ಒಂದು ಕಪ್ಲಿಂಗ್ ಕಳಚಿದರೆ ಹಿಂದಿನ ಡಬ್ಬಿಯನ್ನು ಮನುಷ್ಯರೇ ತಳ್ಳಬೇಕು. ವಂದನಾಳ ಭುಜ ಮಾಡುತ್ತಿರುವುದು ಅದನ್ನೇ. (ನಾನೂ ಮಹಡಿಯ ಮೇಲೆ ಕದ್ದು ಒಂದು ಸಲ ಮಾಡಿ ನೋಡಿದೆ. ಸೊಂಟ ಹಿಡಿದುಕೊಂಡು ಕುಂಟುತ್ತ ಇಳಿದೆ. ನೀನು ಇದ್ದಿದ್ದರೆ ವಾರವೆಲ್ಲ ನಗುತ್ತಿದ್ದೆ.)

ಅವಳ ಕಪ್ಲಿಂಗ್ ಎಲ್ಲಿ ಕಳಚುತ್ತಿದೆ ಎಂಬುದು ಕೋಚಿಗೆ ಗೊತ್ತಿತ್ತು, ಏಕೆ ಎಂಬುದು ಗೊತ್ತಿರಲಿಲ್ಲ. ನೆಲ ಒದ್ದು ಹಾರಿದವಳು ಚೆಂಡು ಹೊಡೆದ ಮೇಲೆ ಗೆರೆಯ ಒಳಗೆ ಎಡಗಾಲಿನ ಮೇಲೆ ಇಳಿಯಬೇಕು, ಬಲಗಾಲು ಹಿಂದೆಯೇ ಗಾಳಿಯಲ್ಲಿರಬೇಕು. ಇವಳೋ ಚೆಂಡನ್ನು ಹೊಡೆಯುವ ಮೊದಲೇ ಬಲಗಾಲನ್ನು ಎತ್ತಿ ಗೆರೆಯ ಒಳಗೆ ಊರಿಬಿಡುತ್ತಾಳೆ. ಹಾಗೆ ಊರಿದರೆ ಆಟದ ನಿಯಮದಲ್ಲೇ ತಪ್ಪು. ಮೇಲಾಗಿ ಒದೆತವೂ ಅಲ್ಲಿಗೇ ಸತ್ತು, ಪೂರ್ತಿ ಭಾರ ಭುಜಕ್ಕೆ. "ಇಡದು ಕಾಲ್, ಇಡದು ಕಾಲ್" ಎಂದು, ಎಡಗಾಲು ಎಡಗಾಲು ಎಂದು ತಮಿಳಿನಲ್ಲಿ, ದಾಮೋದರನ್ ಗಂಟಲು ಹರಿದುಕೊಳ್ಳುತ್ತಾರೆ. ಇವಳು ತಲೆಯಾಡಿಸುತ್ತಾಳೆ, ಮತ್ತೆ ಬಲಗಾಲೇ. ಶನಿವಾರ ಬೆಂಚಿನ ಮೇಲೆ ಕೂತು ನೋಡುತ್ತಿದ್ದವನಿಗೆ ಫಕ್ಕನೆ ಹೊಳೆಯಿತು. ಆ ಹೆಜ್ಜೆಯನ್ನು ನಾನು ನಮ್ಮ ಮನೆಯ ಬಾಗಿಲಲ್ಲಿ ದಿನಾ ನೋಡಿದ್ದೇನೆ!

ಮಾಂಬಲಂ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಅವಳನ್ನು ಕೂರಿಸಿಕೊಂಡು ಕೇಳಿದೆ. ಮೊದಲ ಪಂದ್ಯದ ದಿನ ಕೋರ್ಟಿನಲ್ಲಿ ನೀನು ಅವಳ ಹಣೆಗೆ ಕುಂಕುಮವಿಟ್ಟು ಹೇಳಿದ ಮಾತನ್ನು ನಿನ್ನ ದನಿಯಲ್ಲೇ ಒಪ್ಪಿಸಿದಳು: "ಈ ಗೆರೇನೆ ಹೊಸ್ಲು ಅನ್ಕೊ ಮಗಾ. ತುಳೀಬ್ಯಾಡ. ಬಲಗಾಲಿಟ್ಟು ಒಳೀಕ್ ಹೋಗು, ಗೆದ್ಕೊಂಡ್ ಬತ್ತೀಯ." ಅವತ್ತು ಗೆದ್ದೇ ಬಂದಳಲ್ಲ, ಅಲ್ಲಿಗೆ ಅದು ವೇದವಾಯಿತು. ಈಗ ಬಿಡು ಎಂದರೆ "ಅಜ್ಜಿ ಸೊನ್ನಾ ಪಣ್ಣ್‌ರೇನ್ ತಾತಾ" ಎನ್ನುತ್ತಾಳೆ. ನೀನು ಹೇಳಿದರೆ ಮಾಡುತ್ತಾಳಂತೆ. ಕೋಚು ಹೇಳಿದರೂ ಇಲ್ಲ, ನಾನು ಹೇಳಿದರೂ ಇಲ್ಲ. ಹಟದಲ್ಲಿ ಯಾರ ರಕ್ತ ಎಂದು ನಾನು ಹೇಳಬೇಕಾಗಿಲ್ಲ.

ಗೆರೆ ತುಳಿಯಬಾರದು ಎಂದು ನೀನು ಹೇಳಿದ್ದು ಆಟದ ನಿಯಮವೂ ಹೌದು, ಅದರಲ್ಲಿ ನೀನೇ ಗೆದ್ದೆ. ಕೋರ್ಟಿನ ಗೇಟನ್ನು ಅವಳು ಬಲಗಾಲಿಟ್ಟೇ ದಾಟಲಿ, ನನ್ನದೇನೂ ತಕರಾರಿಲ್ಲ. ಸರ್ವ್ ಒಂದಕ್ಕೆ ಮಾತ್ರ ಎಡಗಾಲಿಗೆ ಅಪ್ಪಣೆ ಕೊಡು. ನೀನು ಮದುವೆಯಾಗಿ ನಮ್ಮ ಮನೆಗೆ ಬಂದ ದಿನ ನೆನಪಿದೆಯೇ? ಬಲಗಾಲಿನಿಂದ ಸೇರಕ್ಕಿ ಒದ್ದೆ, ಅಕ್ಕಿ ನಡುಮನೆಯ ತನಕ ಚೆಲ್ಲಿತು, ನಮ್ಮವ್ವ ಎಲ್ಲರಿಗೂ ಹೇಳಿಕೊಂಡು ಹಿಗ್ಗಿದಳು. ಎಲ್ಲರೂ ಬಲಗಾಲು ನೋಡಿದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿ ನಿನ್ನ ಪಕ್ಕದಲ್ಲೇ ನಿಂತಿದ್ದವನು, ನನಗೆ ಕಂಡದ್ದು ಎಡಗಾಲು. ಅಷ್ಟು ಜೋರಾಗಿ ಒದೆಯುವಾಗ ನಿನ್ನ ಮೈಭಾರವನ್ನೆಲ್ಲ ಹೊತ್ತು ನಿಂತದ್ದು ಅದೇ. ಅದು ನಿಲ್ಲದಿದ್ದರೆ ನೀನು ಹೊಸ್ತಿಲಲ್ಲೇ ಮುಗ್ಗರಿಸುತ್ತಿದ್ದೆ. ಅದರಿಂದ ನಮ್ಮ ಮನೆಗೆ ಯಾವ ಕೇಡೂ ಬರಲಿಲ್ಲವಲ್ಲ, ಚಿಕ್ಕತಾಯಿ.

ವಿನೋದಾಳಿಗೂ ಅಳಿಯಂದಿರಿಗೂ ಆಶೀರ್ವಾದ, ಕೂಸಿಗೆ ಮುತ್ತು. ಔಷಧಿ ತಪ್ಪಿಸಬೇಡ, ಸೊಪ್ಪಿನ ನೆಪ ಮಾಡಿಕೊಂಡು ಬಿಸಿಲಿಗೆ ಹೋಗಬೇಡ. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ.

ಇಂತಿ ನಿನ್ನ,
ಭೋಜರಾಜ

ಮರೆತಿದ್ದೆ: ಇದನ್ನು ಇವತ್ತಿನ ಮೈಸೂರು ರೈಲಿನಲ್ಲಿ ಹೊರಟಿರುವ ನಮ್ಮ ಪಕ್ಕದ ಮನೆಯ ರಮೇಶನ ಕೈಗೆ ಕೊಡುತ್ತಿದ್ದೇನೆ, ನಾಳೆಯೇ ನಿನಗೆ ತಲುಪುತ್ತದೆ. ಶನಿವಾರ ಸಂಜೆ ಏಳಕ್ಕೆ ಫೋನ್ ಮಾಡು, ವಂದನಾಳೇ ಎತ್ತುತ್ತಾಳೆ. "ಎಡಗಾಲಿಡು ಮಗಾ" ಎಂದರೆ ಸಾಕು. ಫೋನ್ ಬರಲಿಲ್ಲವೋ, ಅವಳು ಸ್ನಾನಕ್ಕೆ ಹೋಗಿದ್ದಾಗ ಅಜ್ಜಿ ಫೋನ್ ಮಾಡಿ ಒಪ್ಪಿದಳು ಎಂದು ನಾನೇ ಹೇಳುತ್ತೇನೆ. ಹೇಳಿಯೇ ಹೇಳುತ್ತೇನೆ, ಪಾಪ ಬಂದರೆ ನನಗೇ ಬರಲಿ. ನಿನ್ನ ಹೆಸರಿನಲ್ಲಿ ನಾನು ಇದುವರೆಗೆ ಒಂದು ಸುಳ್ಳೂ ಆಡಿದವನಲ್ಲ. ಈ ವಯಸ್ಸಿನಲ್ಲಿ ಆಡಿಸಬೇಡ.