ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ಕೂರುವುದಿಲ್ಲ

ಪ್ರೀತಿಯ ಅಪ್ಪನಿಗೆ,

ಫೋನಿನಲ್ಲಿ ಹೇಳಿದರೆ ನೀನು "ಆತು, ಆತು" ಎಂದು ಅವ್ವನ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಬರೆದು, ಪಕ್ಕದ ಮನೆಯ ಕಲ್ಪನಾ ಟೀಚರ ಫೋನಿಗೆ ಕಳಿಸಿದ್ದೇನೆ. ಅವರು ಓದಿ ಹೇಳುತ್ತಾರೆ, ಪೂರ್ತಿ ಕೇಳು.

ಓದು ಮುಗಿದ ಮೇಲೆ ಅಮೆರಿಕದಲ್ಲಿ ಕೆಲಸ ಮಾಡಲು ನನಗೆ ಪರವಾನಗಿ ಸಿಕ್ಕಿದ್ದು ನಿಜ. ಆದರೆ ಕೆಲಸವಿಲ್ಲದೆ ತೊಂಬತ್ತು ದಿನ ಮೀರಿದರೆ ಇಲ್ಲಿಂದ ಹೊರಡಬೇಕು. ಆಗಲೇ ಐವತ್ತೆರಡು ದಿನ ಹೋಯಿತು. ನೀನು ಹೇಳಿದ ಹಾಗೆ ಯಾವುದೋ ಅಂಗಡಿಯಲ್ಲಿ ನಿಲ್ಲುವಂತಿಲ್ಲ, ಓದಿದ್ದಕ್ಕೆ ಸಂಬಂಧಪಟ್ಟ ಕೆಲಸವೇ ಆಗಬೇಕು. ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನವರು ಒಪ್ಪಿದ್ದಾರೆ. ಅವರು ಕೇಳಿದ್ದು ಒಂದೇ, ಊರಿನ ಡಿಗ್ರಿ ಸರ್ಟಿಫಿಕೇಟಿನ ಹಿಂದೆ ಸರಕಾರದ ಮುದ್ರೆ.

ನೀನು ಅದನ್ನು ಕುಮಟಾಕ್ಕೆ ಒಯ್ದು, ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದೆ! "ಉಪ್ಪುಗಾಳಿಗೆ ಹಾಳಾಗ್ತಿತ್ತು, ಇನ್ನು ಎಂತದೂ ತಾಗುದಿಲ್ಲ" ಎಂದೆಯಂತೆ. ಹೌದಪ್ಪ, ಮುದ್ರೆಯೂ ತಾಗುವುದಿಲ್ಲ.

ಈಗ ಬಿಸಿನೀರಲ್ಲಿ ನೆನೆಸಿ ಪ್ಲಾಸ್ಟಿಕ್ ಬಿಡಿಸುತ್ತೇನೆ ಎಂದು ಕೂತಿದ್ದೀಯ ಎಂದಳು ಅವ್ವ. ದಮ್ಮಯ್ಯ, ಮುಟ್ಟಬೇಡ. ನಾಳೆಯೇ ಟೀಚರನ್ನು ಕರೆದುಕೊಂಡು ಯೂನಿವರ್ಸಿಟಿಗೆ ಹೋಗಿ ಎರಡನೇ ಪ್ರತಿಗೆ ಅರ್ಜಿ ಕೊಡು.

ನಮ್ಮ ಮನೆಗೆ ಬಂದ ಮೊದಲ ಡಿಗ್ರಿ ಅದು. ದೇವರ ಪಟದ ಪಕ್ಕ ಇಟ್ಟು ಜೋಪಾನ ಮಾಡಿದವನು ನೀನೇ ಎಂಬುದು ನನಗೆ ಮರೆತಿಲ್ಲ. ಆದರೂ ಹೊಸದನ್ನು ಹಿಡಿದು ಕುಮಟಾದಲ್ಲಿ ಬಸ್ಸಿಳಿದಾಗ ಆ ಝೆರಾಕ್ಸ್ ಅಂಗಡಿ ಕಾಣುತ್ತದೆ. ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆ.

ನಿನ್ನ ಮಗಳು,
ಮಂಗಲಾ