ಅಪ್ಪನ ಹುದ್ದೆಗೆ ಸಾಕ್ಷಿ

ತಮ್ಮಾ,

ಮತ್ತೆ ನಿವೃತ್ತ ಸೈನಿಕರ ಕಚೇರಿಗೆ ಹೊರಟೆ. ಎಬ್ಬಿಸಿದರೆ "ಬಿಟ್ಹಾಕಕ್ಕ ಅತ್ಲಾಗೆ" ಅನ್ನುತ್ತೀಯ ಎಂದು ಎಬ್ಬಿಸಲಿಲ್ಲ.

ಅಪ್ಪನ ಮಾತ್ರೆ ಕಿಟಕಿಯ ಹತ್ತಿರ ಇದೆ. ತಿಂಡಿ ತಿನ್ನಿಸಿಯೇ ಕೊಡು. ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ. ಕಚೇರಿಯ ಆ ಗುಮಾಸ್ತ ಅಪ್ಪನ ಮುಖವನ್ನೂ ನೋಡದೆ, "ದಾಖಲೇಲಿ ಸಿಪಾಯಿ ಅಂತಾನೇ ಇದೆಯಲ್ಲ ತಾತ, ಈ ವಯಸ್ಸಲ್ಲಿ ಯಾವ ಹುದ್ದೆ ಆದ್ರೇನು?" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಯುದ್ಧದ ನಡುವೆ ಮೇಜರ್ ಅಪ್ಪನನ್ನು ಹವಾಲ್ದಾರ್ ಮಾಡಿದರು, ಆದೇಶ ಬರೆಯುವ ಮೊದಲೇ ಗುಂಡಿಗೆ ಬಲಿಯಾದರು ಎಂದು ಎಷ್ಟು ಸಲ ಬಾಯಿ ನೋಯಿಸಿಕೊಳ್ಳಲಿ? ಕಣ್ಣಾರೆ ಕಂಡವರನ್ನು ಕರೆತರಬೇಕಂತೆ! ಅಪ್ಪ ಮನೆಗೆ ಬಂದು, "ನಾನೇ ಕನಸು ಕಂಡಿದ್ನೇನೋ ಕಣಮ್ಮ" ಅಂದರು.

ಅದಕ್ಕೇ ಈವತ್ತು ನೀನು ಎಲ್ಲೂ ಹೋಗಕೂಡದು. ರಾತ್ರಿ ಅಪ್ಪ ಮಲಗಿದ ಮೇಲೆ ಒಂದು ಫೋನ್ ಬಂತು. ಅಪ್ಪನ ಜೊತೆಗಿದ್ದವರನ್ನು ಹುಡುಕಿ ಹೋದ ವಾರ ನಾನು ಪತ್ರಿಕೆಯಲ್ಲಿ ಹಾಕಿಸಿದ್ದ ಪ್ರಕಟಣೆ ನೋಡಿದರಂತೆ, ಅಪ್ಪನ ತುಕಡಿಯಲ್ಲಿದ್ದ ಅಡುಗೆಯವರು. ನಾನು ಹಲೋ ಅಂದ ಕೂಡಲೇ, "ಹವಾಲ್ದಾರ್ ಸಾಹೇಬ್ರು ಇದಾರಾ?" ಎಂದು ಕೇಳಿದರು.

ಈವತ್ತು ಬೆಳಿಗ್ಗೆಯೇ ಮಗಳ ಜೊತೆ ಮನೆಗೆ ಬರುತ್ತಾರೆ. ಕಿವಿ ಮಂದ, ಜೋರಾಗಿ ಮಾತಾಡು. ಆಮೇಲೆ ಅಪ್ಪನನ್ನೂ ಅವರನ್ನೂ ಟ್ಯಾಕ್ಸಿಯಲ್ಲಿ ಕಚೇರಿಗೆ ಕರೆದುಕೊಂಡು ಬಾ. ಅಲ್ಲಿಯವರೆಗೆ ಗುಮಾಸ್ತ ಕುರ್ಚಿಯಿಂದ ಏಳದಂತೆ ನಾನು ನೋಡಿಕೊಳ್ಳುತ್ತೇನೆ.

ಅಪ್ಪನಿಗೆ ಏನೂ ಹೇಳಿಲ್ಲ, ನೀನೂ ಹೇಳಬೇಡ. ಬೆಲ್ ಆದಾಗ ಓಡಿಹೋಗಿ ಬಾಗಿಲು ತೆಗೆಯಲೂ ಬೇಡ. ಎಷ್ಟು ಹೊತ್ತಾದರೂ ಸರಿ, ಅಪ್ಪನೇ ಎದ್ದು ಹೋಗಿ ತೆಗೆಯಲಿ.

ಅಕ್ಕ